ಅಪ್‌ಡೇಟ್: ಹಳೆಯ ಥಿಂಕ್‌ಪ್ಯಾಡ್‌ಗೆ ಕೊನೆಗೂ ರ್‍ಯಾಮ್ ಹಾಕಿದೆ

ನನ್ನ 12.5 ಇಂಚಿನ ಥಿಂಕ್‌ಪ್ಯಾಡ್ ಎಕ್ಸ್230 ಲ್ಯಾಪ್‌ಟಾಪ್‌ನಲ್ಲಿದ್ದ 4 ಜಿಬಿ ರ್‍ಯಾಮ್ (ತೆರೆದಿರುವ ಕೆಲಸಗಳನ್ನು ಹಿಡಿದಿಡುವ ತಾತ್ಕಾಲಿಕ ಮೆಮೊರಿ) ಹೆಚ್ಚಿಸುವುದೋ, ಅಥವಾ 2012ರ ಮಾದರಿಗೆ ಇನ್ನು ಹಣ ಹಾಕದೆ ಬಿಡುವುದೋ ಎಂದು ಕೇಳಿದ್ದೆ. ಮೊದಲು ಅಳೆದು ನೋಡಿ ಎಂದವರ ಮಾತಿನಂತೆ, ಲಿನಕ್ಸ್‌ನಲ್ಲಿ ಬ್ರೌಸರ್ ಮತ್ತು ಲಿಬ್ರೆ ಆಫೀಸ್ ಎರಡನ್ನೂ ತೆರೆದಿಟ್ಟು ಗಮನಿಸಿದಾಗ, ರ್‍ಯಾಮ್ ಪೂರ್ತಿ ತುಂಬಿ, 1 ಜಿಬಿಗೂ ಹೆಚ್ಚು ದತ್ತಾಂಶ ಹಾರ್ಡ್ ಡಿಸ್ಕ್‌ನ ಸ್ವಾಪ್‌ಗೆ (ರ್‍ಯಾಮ್ ಸಾಲದಾಗ ಬಳಕೆಯಾಗುವ, ಅದಕ್ಕಿಂತ ಬಹಳ ನಿಧಾನದ ಜಾಗಕ್ಕೆ) ಹೋಗಿತ್ತು. ಯಂತ್ರ ನಿಧಾನವಾಗಲು ಕಾರಣ ಪ್ರೊಸೆಸರ್ ಅಲ್ಲ, ರ್‍ಯಾಮ್ ಕೊರತೆ ಎಂಬುದು ಆಗ ಸ್ಪಷ್ಟವಾಯಿತು.

ಈ ಯಂತ್ರದಲ್ಲಿ ರ್‍ಯಾಮ್ ಕಡ್ಡಿ ಕೂರಿಸಲು ಎರಡು ಸ್ಲಾಟ್‌ಗಳಿದ್ದು ಗರಿಷ್ಠ 16 ಜಿಬಿ ಹಾಕಬಹುದು; ನಂತರದ ತಲೆಮಾರಿನ ಡಿಡಿಆರ್4 ಕಡ್ಡಿ ಇದಕ್ಕೆ ಕೂರುವುದಿಲ್ಲ, ಡಿಡಿಆರ್3 ಅಥವಾ 1.35 ವೋಲ್ಟಿನ ಡಿಡಿಆರ್3ಎಲ್ ಬೇಕು. ಹಳೆಯ 4 ಜಿಬಿ ಕಡ್ಡಿಯನ್ನು ಉಳಿಸಿಕೊಂಡು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಳಸಿದ 8 ಜಿಬಿ ಕಡ್ಡಿಯೊಂದನ್ನು ಕೊಂಡೆ. ಬ್ಯಾಟರಿ ಕಳಚಿ, ತಳದ ಮುಚ್ಚಳ ತೆಗೆದು, ಕಡ್ಡಿಯನ್ನು ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದಾಗ ಎರಡೂ ಬದಿಯ ಕ್ಲಿಪ್‌ಗಳು ಟಕ್ಕೆಂದು ಕೂತವು. ರಾತ್ರಿಯಿಡೀ ರ್‍ಯಾಮ್‌ನ ದೋಷ ಹುಡುಕುವ ಮೆಮ್‌ಟೆಸ್ಟ್ ತಂತ್ರಾಂಶ ಓಡಿಸಿದೆ. ಒಂದೂ ದೋಷ ಕಾಣಲಿಲ್ಲ. ಬಳಸಿದ ಕಡ್ಡಿ ಕೊಳ್ಳುವವರು ಈ ಪರೀಕ್ಷೆಯನ್ನು ಬಿಡಲೇಬಾರದು.

ಈಗ ಅದೇ ಕೆಲಸಕ್ಕೆ ಸ್ವಾಪ್ ಬಳಕೆ ಸೊನ್ನೆ. ಆದರೆ ಯಂತ್ರ ಆನ್ ಆಗಲು ಮೊದಲಿನಷ್ಟೇ ಹೊತ್ತು ಹಿಡಿಯುತ್ತಿದೆ, ಅದಕ್ಕೆ ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿಯೇ ಬೇಕು. ಮುಂದಿನ ತಿಂಗಳು ಅದನ್ನು ಹಾಕಿಸುತ್ತೇನೆ. ಅಳೆಯಲು ಹೇಳಿದವರಿಗೆ ಮನಃಪೂರ್ವಕ ಧನ್ಯವಾದಗಳು.