ಖರೀದಿ ವ್ಯವಸ್ಥೆಯ ಪರಾಮರ್ಶೆ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ:
ಸರ್ಕಾರಿ ಸಂಸ್ಥೆಯ ಖರೀದಿ ಪದ್ಧತಿ ಸುಧಾರಿಸಲು ಸಮಿತಿ ರಚಿಸಿದರೆ ಅದು ಮೊದಲು ಏನನ್ನು ನೋಡಬೇಕು? ನಿಯಮ ತಿದ್ದಿ, ಟೆಂಡರ್‌ಗಳನ್ನೆಲ್ಲ ಆನ್‌ಲೈನ್ ಮಾಡಿದರೆ ಸಾಕಾಗುತ್ತದೆಯೇ?

ಉತ್ತರ 1:
ನಿಯಮ ಆಮೇಲೆ. ಕಳೆದ ಮೂರು ವರ್ಷದ ಖರೀದಿಗಳನ್ನೆಲ್ಲ ಮೊದಲು ಒಂದೇ ಪಟ್ಟಿಗೆ ತನ್ನಿ: ಅಂದಾಜು ಮೊತ್ತ, ಟೆಂಡರ್ ಕರೆದ ದಿನ, ಬಿಡ್‌ಗೆ ಕೊನೆಯ ದಿನ, ಬಂದ ಬಿಡ್ ಎಷ್ಟು, ತಾಂತ್ರಿಕ ಹಂತದಲ್ಲಿ ಬಿದ್ದುಹೋದವು ಎಷ್ಟು, ಕಾರ್ಯಾದೇಶದ ಮೊತ್ತ, ಕೊನೆಗೆ ಪಾವತಿಯಾದ ಮೊತ್ತ, ಬಿಲ್ ಬಂದ ದಿನ, ಹಣ ಸಂದಾಯವಾದ ದಿನ.

ಟೆಂಡರ್ ಕಡ್ಡಾಯವಾಗುವ ಮಿತಿಗಿಂತ ಚೂರೇ ಕಡಿಮೆ ಮೊತ್ತದ ಆದೇಶಗಳು ಕೆಲವೇ ವಾರಗಳಲ್ಲಿ ಒಬ್ಬನೇ ಸರಬರಾಜುದಾರನಿಗೆ ಹೋಗಿದ್ದರೆ ತುಂಡು ಗುತ್ತಿಗೆಯ, ಅಂದರೆ ಟೆಂಡರ್ ತಪ್ಪಿಸಲು ಒಂದೇ ಖರೀದಿಯನ್ನು ಒಡೆದ ಶಂಕೆ ಬಲವಾಗುತ್ತದೆ. ಒಂದೇ ಬಿಡ್ ಬಂದ ಟೆಂಡರ್‌ಗಳನ್ನು ಬೇರೆ ತೆಗೆದಿಟ್ಟು, ಅವುಗಳ ತಾಂತ್ರಿಕ ವಿವರಗಳನ್ನು ಸಾಲುಸಾಲಾಗಿ ಓದಿ. ಬ್ರ್ಯಾಂಡ್ ಹೆಸರು ಇರಲಿಕ್ಕಿಲ್ಲ, ಆದರೆ ಒಂದು ಕಂಪನಿಯ ಕ್ಯಾಟಲಾಗ್‌ನಿಂದ ಎತ್ತಿದ ಅಳತೆಗಳು ಇರಬಹುದು. ಪ್ರಿಂಟರ್‌ಗೆ ‘ನಿಮಿಷಕ್ಕೆ 40 ಪುಟ’ ಎಂದು ಕೇಳುವುದು ಸರಿ. ‘ಅಗಲ 412 ಮಿ.ಮೀ.’ ಎಂದು ಏಕೆ ಬರೆದರು ಎಂಬುದಕ್ಕೆ ಕಡತದಲ್ಲಿ ಕಾರಣ ಬೇಕು.

ಉತ್ತರ 2:
ಬಿಡ್ ಸಲ್ಲಿಸಲು ಕೊಟ್ಟ ಏಳು ದಿನದ ಗಡುವು ಆನ್‌ಲೈನ್‌ನಲ್ಲೂ ಏಳೇ ದಿನ. ಮೊದಲೇ ಸುಳಿವು ಸಿಕ್ಕವರು ಮಾತ್ರ ಅಷ್ಟರಲ್ಲಿ ದಾಖಲೆ ಹೊಂದಿಸಬಲ್ಲರು. ವಿಶ್ವ ವ್ಯಾಪಾರ ಸಂಸ್ಥೆಯ ಸರ್ಕಾರಿ ಖರೀದಿ ಒಪ್ಪಂದದಲ್ಲಿ ಮುಕ್ತ ಟೆಂಡರ್‌ಗೆ ಸಾಮಾನ್ಯ ಅವಧಿ 40 ದಿನ. ಪ್ರಕಟಣೆ, ಟೆಂಡರ್ ದಾಖಲೆ, ಸಲ್ಲಿಕೆ ಇವು ಆನ್‌ಲೈನ್ ಆಗಿದ್ದರೆ ತಲಾ 5 ದಿನ ಇಳಿಸಬಹುದು.

ಇನ್ನೊಂದು, ಆಯ್ಕೆ ಪ್ರಕಟಿಸಿದ ದಿನವೇ ಒಪ್ಪಂದಕ್ಕೆ ಸಹಿ ಹಾಕಬಾರದು. ಐರೋಪ್ಯ ಒಕ್ಕೂಟದಲ್ಲಿ ದೊಡ್ಡ ಗುತ್ತಿಗೆಗಳಿಗೆ ಕನಿಷ್ಠ 10 ದಿನ ಕಾಯಬೇಕು, ಸೋತವರು ದೂರು ಕೊಡಲು ಸಿಗುವುದು ಆ ಅವಧಿಯೇ. ಕೆಲಸ ಶುರುವಾದ ಮೇಲೆ ಬಂದ ದೂರಿನಿಂದ ಗುತ್ತಿಗೆ ರದ್ದಾಗುವುದು ಕಷ್ಟ.

ಉತ್ತರ 3:
ಹೆಚ್ಚಿನ ಸಮಿತಿಗಳು ಕಾರ್ಯಾದೇಶಕ್ಕೇ ನಿಂತುಬಿಡುತ್ತವೆ. ನನ್ನ ಪ್ರಕಾರ ಹಣ ಸೋರುವುದು ಅದರಾಚೆ. ಅಂದಾಜುಪಟ್ಟಿಯಲ್ಲಿ ಮಣ್ಣು ಅಗೆತ 100 ಘನ ಮೀಟರ್ ಎಂದಿದೆ, ನಿಜವಾಗಿ 900 ಆಗುತ್ತದೆ ಎಂದುಕೊಳ್ಳಿ. ಅದು ಮೊದಲೇ ಗೊತ್ತಿದ್ದ ಗುತ್ತಿಗೆದಾರ ಅಗೆತಕ್ಕೆ ದುಬಾರಿ ದರ ಹಾಕಿ, ಉಳಿದ ಐಟಂಗಳಲ್ಲಿ ಇಳಿಸಿ, ಒಟ್ಟು ಮೊತ್ತದಲ್ಲಿ ಕನಿಷ್ಠ ಬಿಡ್‌ದಾರನಾಗುತ್ತಾನೆ; ಆಮೇಲೆ 900 ಘನ ಮೀಟರ್‌ಗೂ ಆ ದುಬಾರಿ ದರದಲ್ಲೇ ಹಣ ಪಡೆಯುತ್ತಾನೆ. ಆದ್ದರಿಂದ ಒಟ್ಟು ಮೊತ್ತದ ಜೊತೆಗೆ ಐಟಂವಾರು ದರವನ್ನೂ ಅಂದಾಜಿನೊಂದಿಗೆ ಹೋಲಿಸಿ. ಹೆಚ್ಚುವರಿ ಪ್ರಮಾಣಕ್ಕೆ ಒಪ್ಪಿಗೆ ಕೊಡುವವರು ಅಂದಾಜು ತಯಾರಿಸಿದವರೇ ಆಗಿರಬಾರದು.

ಪಾವತಿ ತಡವಾದಷ್ಟೂ ಗುತ್ತಿಗೆದಾರರು ಅದರ ಬಡ್ಡಿಯನ್ನು ಮುಂದಿನ ಬಿಡ್ ದರದಲ್ಲೇ ಸೇರಿಸುತ್ತಾರೆ, ಸಣ್ಣವರು ಟೆಂಡರ್ ಕಡೆ ಬರುವುದನ್ನೇ ಬಿಡುತ್ತಾರೆ. ಉತ್ತರ 1ರ ಪಟ್ಟಿಯಲ್ಲಿನ ಕೊನೆಯ ಎರಡು ದಿನಾಂಕಗಳ ಅಂತರವನ್ನು ವಿಭಾಗವಾರು ಲೆಕ್ಕ ಹಾಕಿ, ಒಂಟಿ ಬಿಡ್‌ಗಳ ಪಕ್ಕದಲ್ಲಿಟ್ಟು ನೋಡಿ.