ಚಂದ್ರಯಾನಕ್ಕೆ ನಮ್ಮ ರಾಕೆಟ್, ಜಿಸ್ಯಾಟ್‌ಗೆ ಬಾಡಿಗೆ ರಾಕೆಟ್ ಏಕೆ?

ಪ್ರಶ್ನೆ (ಗಂಗಾವತಿಯ ಅಕ್ಕಿ ಗಿರಣಿಯೊಂದರ ಗುಮಾಸ್ತರು): ಸರ್, ಚಂದ್ರಯಾನ-3ನ್ನು ನಮ್ಮದೇ ರಾಕೆಟ್ಟಿನಲ್ಲಿ ಕಳಿಸಿದ ಇಸ್ರೊ, ಜಿಸ್ಯಾಟ್-ಎನ್2 ಸಂವಹನ ಉಪಗ್ರಹವನ್ನು ಮಾತ್ರ ಅಮೆರಿಕದ ಖಾಸಗಿ ಕಂಪನಿ ಸ್ಪೇಸ್‌ಎಕ್ಸ್‌ನ ಕೈಗೆ ಕೊಟ್ಟದ್ದೇಕೆ? ಚಂದ್ರನಿಗಿಂತ ಇದು ದೂರವೇ?

ಉತ್ತರ (ರಾಯಚೂರಿನ ಉಪಗ್ರಹ ಸಂವಹನ ಎಂಜಿನಿಯರ್): ಇಲ್ಲಿ ಲೆಕ್ಕಕ್ಕೆ ಬರುವುದು ದೂರವಲ್ಲ, ತೂಕ. ಚಂದ್ರಯಾನ-3ನ್ನು ಹೊತ್ತ ಇಸ್ರೊದ ಎಲ್‌ವಿಎಂ-3 ರಾಕೆಟ್ ಚಂದ್ರನವರೆಗೆ ಹೋಗಲೇ ಇಲ್ಲ; ಸುಮಾರು 3,900 ಕಿಲೊ ತೂಕದ ನೌಕೆಯನ್ನು, ಭೂಮಿಯಿಂದ ಒಂದು ತುದಿ 170 ಕಿ.ಮೀ., ಇನ್ನೊಂದು ತುದಿ ಸುಮಾರು 36,500 ಕಿ.ಮೀ. ಎತ್ತರದಲ್ಲಿದ್ದ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟಿತು, ಉಳಿದ ದಾರಿಯನ್ನು ನೌಕೆ ತನ್ನದೇ ಇಂಧನದಿಂದ ಸವೆಸಿತು. ಸಂವಹನ ಉಪಗ್ರಹವನ್ನೂ ಹೆಚ್ಚುಕಡಿಮೆ ಇಂಥದೇ ಕಕ್ಷೆಗೆ ಮುಟ್ಟಿಸಬೇಕು. ಆದರೆ ಅಲ್ಲಿಗೆ ಎಲ್‌ವಿಎಂ-3 ಹೊರುವುದು ಸುಮಾರು 4,000 ಕಿಲೊ. ಜಿಸ್ಯಾಟ್-ಎನ್2ರ ತೂಕ 4,700 ಕಿಲೊ. ವೇಬ್ರಿಡ್ಜ್ ಮೇಲೆ ಲಾರಿಯ ತೂಕ ಹೆಚ್ಚು ಬಂದರೆ ನೀವು ನಾಲ್ಕು ಮೂಟೆ ಇಳಿಸಿ ಕಳಿಸುತ್ತೀರಿ. ಉಪಗ್ರಹದಿಂದ ಹಾಗೆ ಇಳಿಸಲು ಬರುವುದಿಲ್ಲ. ಹಿಂದೆ ಇಂಥ ಭಾರದವನ್ನು ಯುರೋಪಿನ ಏರಿಯಾನ್-5 ರಾಕೆಟ್ ಒಯ್ಯುತ್ತಿತ್ತು. 2018ರಲ್ಲಿ 5,854 ಕಿಲೊದ ಜಿಸ್ಯಾಟ್-11 ಹೋದದ್ದು ಅದರಲ್ಲಿಯೇ. ಅದು 2023ರಲ್ಲಿ ನಿವೃತ್ತವಾದ್ದರಿಂದ, ಬಾಹ್ಯಾಕಾಶ ಇಲಾಖೆಯ ಕಂಪನಿಯಾದ ನ್ಯೂಸ್ಪೇಸ್ ಇಂಡಿಯಾ, ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ರಾಕೆಟ್ಟನ್ನು ಗೊತ್ತುಮಾಡಿ ಜಿಸ್ಯಾಟ್-ಎನ್2ನ್ನು 2024ರ ನವೆಂಬರ್‌ನಲ್ಲಿ ಕೇಪ್ ಕೆನವೆರಲ್‌ನಿಂದ ಹಾರಿಸಿತು.

ಪ್ರಶ್ನೆ (ಸಿಂಧನೂರಿನ ಕೇಬಲ್ ಆಪರೇಟರ್): ಹಾಗಾದರೆ 4,410 ಕಿಲೊ ತೂಕದ ಸಂವಹನ ಉಪಗ್ರಹ ಸಿಎಂಎಸ್-03 ನಮ್ಮ ರಾಕೆಟ್ಟಿನಲ್ಲೇ ಹೋಯಿತಲ್ಲ?

ಉತ್ತರ: ಒಳ್ಳೆಯ ಪಾಯಿಂಟ್ ಹಿಡಿದಿದ್ದೀರಿ. 2025ರ ನವೆಂಬರ್ 2ರಂದು ಎಲ್‌ವಿಎಂ-3 ಅದನ್ನು ವಾಡಿಕೆಯ ಎತ್ತರಕ್ಕೆ ಒಯ್ಯದೆ, ಮೇಲಿನ ತುದಿ ಸುಮಾರು 30,000 ಕಿ.ಮೀ. ಇರುವ ಕಕ್ಷೆಯಲ್ಲೇ ಬಿಟ್ಟಿತು. ಮಿಕ್ಕ ಏರಿಕೆಗೆ ಉಪಗ್ರಹವೇ ತನ್ನ ಇಂಧನ ಸುಡಬೇಕು. ಮುಂದೆ ವರ್ಷಗಟ್ಟಲೆ ತನ್ನ ಜಾಗ ಬಿಟ್ಟು ಸರಿಯದಂತೆ ನಿಲ್ಲಲು ಬೇಕಾದ ಇಂಧನವೂ ಅದೇ ಟ್ಯಾಂಕಿನದು. ಆದ್ದರಿಂದ ಈ ಉಪಾಯವನ್ನು ಎಷ್ಟು ಬೇಕಾದರೂ ಹಿಗ್ಗಿಸಲಾಗದು.

ಬಾಡಿಗೆ ಹಿಡಿದದ್ದು ಅವಮಾನವೆಂದು ನನಗಂತೂ ಅನ್ನಿಸುವುದಿಲ್ಲ. ಬ್ರಿಟನ್ನಿನ ಒನ್‌ವೆಬ್ ಕಂಪನಿಯ 72 ಉಪಗ್ರಹಗಳನ್ನು 2022 ಮತ್ತು 2023ರಲ್ಲಿ ಎರಡು ಕಂತಿನಲ್ಲಿ ಶ್ರೀಹರಿಕೋಟಾದಿಂದ ಒಯ್ದದ್ದು ಇದೇ ಎಲ್‌ವಿಎಂ-3. ಆಗ ಬಾಡಿಗೆ ಪಡೆದವರು ನಾವು.

ಪ್ರಶ್ನೆ (ಗುಮಾಸ್ತರು): ಜಿಸ್ಯಾಟ್-ಎನ್2 ಉಪಗ್ರಹದ ಹಿಡಿತ ಸ್ಪೇಸ್‌ಎಕ್ಸ್‌ನವರ ಬಳಿ ಉಳಿಯುವುದಿಲ್ಲವೇ?

ಉತ್ತರ: ಇಲ್ಲ. ಉಪಗ್ರಹ ಕಳಚಿಕೊಂಡ ಕ್ಷಣಕ್ಕೆ ರಾಕೆಟ್ಟಿನ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಅದಕ್ಕೆ ಆದೇಶ ಹೋಗುವುದು ನಮ್ಮ ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದಿಂದ.