ಕೆಲಸ ಮಾಡ್ತಾ ಅಮೆರಿಕದ ಕ್ರಿಶ್ಚಿಯನ್ ಕಾಲೇಜಲ್ಲಿ ಎರಡು ವರ್ಷದ ಡಿಗ್ರಿ ಮಾಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಧಾರವಾಡದವರು, ಈಗ ಟೆಕ್ಸಾಸ್‌ನಲ್ಲಿದ್ದೇವೆ, ಗ್ರೀನ್ ಕಾರ್ಡ್ ಇದೆ. ನನಗೆ 39 ವರ್ಷ. ನರ್ಸಿಂಗ್ ಹೋಮ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ, ವಾರಕ್ಕೆ 40 ಗಂಟೆ. ಊರಲ್ಲಿ ಬಿ.ಕಾಂ. ಎರಡನೇ ವರ್ಷ ಮುಗಿಸಿ ಬಿಟ್ಟೆ, ಮದುವೆಯಾಯಿತು. ನಮ್ಮ ಚರ್ಚಿನವರೊಬ್ಬರು ಒಂದು ಕ್ರಿಶ್ಚಿಯನ್ ಕಾಲೇಜಿನ ಲಿಬರಲ್ ಆರ್ಟ್ಸ್ ಅಸೋಸಿಯೇಟ್ ಡಿಗ್ರಿ (ಎರಡು ವರ್ಷದ ಡಿಗ್ರಿ) ಬಗ್ಗೆ ಹೇಳಿದರು. ಕೆಲಸದಲ್ಲಿರುವವರಿಗೆ ಅಂತಲೇ ಇದೆಯಂತೆ, ಒಂದು ಸಲಕ್ಕೆ ಒಂದೇ ವಿಷಯ, 5 ವಾರಕ್ಕೆ ಮುಗಿಯುತ್ತದಂತೆ. ಮುಂದೆ ಸೋಶಿಯಲ್ ವರ್ಕ್‌ನಲ್ಲಿ ಬ್ಯಾಚುಲರ್ ಮಾಡುವ ಆಸೆ. ಇದು ಪಾದ್ರಿ ಆಗುವವರ ಓದಾ? ಹೊರಗೆ ಇದಕ್ಕೆ ಬೆಲೆ ಇದೆಯಾ?

ಉತ್ತರ (ಇಂಥದ್ದೇ ಒಂದು ಕಾಲೇಜಿನಲ್ಲಿ ಕೆಲಸದಲ್ಲಿರುವ ವಿದ್ಯಾರ್ಥಿಗಳ ಸಲಹೆಗಾರ): ಪಾದ್ರಿ ಓದಲ್ಲ ಮೇಡಂ. ಮಂಗಳೂರು ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ಓದಿಸುವುದು ಬೇರೆ, ಇದು ಬೇರೆ. ಇಂಗ್ಲಿಷ್ ಬರವಣಿಗೆ, ಇತಿಹಾಸ, ಮನಃಶಾಸ್ತ್ರ, ಗಣಿತ, ಒಂದು ವಿಜ್ಞಾನ, ಇವುಗಳ ಜೊತೆಗೆ ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆಯ ಪಾಠ. ಒಟ್ಟು ಸುಮಾರು 60 ಕ್ರೆಡಿಟ್ (ಓದಿನ ಪ್ರಮಾಣ ಅಳೆಯುವ ಲೆಕ್ಕ), ಅಂದರೆ ಬ್ಯಾಚುಲರ್‌ಗೆ ಬೇಕಾದ 120ರಲ್ಲಿ ಅರ್ಧ. ನಿಮ್ಮ ಗುರಿಗೆ ಇದು ಹೊಂದುತ್ತದೆ.

ಆದರೆ ಆ ಅರ್ಧವನ್ನು ಮುಂದಿನ ಕಾಲೇಜು ಒಪ್ಪಬೇಕಲ್ವಾ? ಎಲ್ಲರೂ ಎಡವುವುದು ಇಲ್ಲೇ. ನನ್ನ ಹತ್ತಿರ ಒಬ್ಬರು ಬಂದಿದ್ದರು, ರಾತ್ರಿ ಪಾಳಿ ಮುಗಿಸಿ ಕಾರಲ್ಲೇ ಕೂತು ಅಸೈನ್‌ಮೆಂಟ್ ಬರೆದು ಬೇರೊಂದು ಕಡೆ 60 ಕ್ರೆಡಿಟ್ ಮುಗಿಸಿದವರು. ಅವರು ಸೇರಬೇಕೆಂದಿದ್ದ ಯೂನಿವರ್ಸಿಟಿ 21 ಮಾತ್ರ ತಗೊಂಡಿತು. ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಅಂಕಗಳ ಅಧಿಕೃತ ಪಟ್ಟಿ) ಮೇಜಿನ ಮೇಲಿಟ್ಟು, ಉಳಿದ ಒಂದೊಂದು ವಿಷಯದ ಮೇಲೂ ಬೆರಳಿಟ್ಟು "ಇದೂ ಇಲ್ವಾ?" ಅಂತ ಕೇಳುತ್ತಿದ್ದರು. ನನಗೆ ಇನ್ನೂ ಆ ಬೆರಳೇ ನೆನಪು.

ಹಾಗಾಗಿ ಕಾಲೇಜಿಗೆ ಯಾರ ಮಾನ್ಯತೆ ಇದೆ ನೋಡಿ. ಟೆಕ್ಸಾಸ್ ಕಡೆ ಹೆಚ್ಚಾಗಿ ಎಲ್ಲರೂ ಒಪ್ಪುವುದು ಎಸ್‌ಎಸಿಎಸ್‌ಸಿಒಸಿ ಅನ್ನುವ ಸಂಸ್ಥೆ ಕೊಡುವ ಮಾನ್ಯತೆ. ಎಬಿಎಚ್‌ಇ, ಟ್ರ್ಯಾಕ್ಸ್ ಅಂತ ಕ್ರೈಸ್ತ ಕಾಲೇಜುಗಳಿಗೇ ಮಾನ್ಯತೆ ಕೊಡುವ ಸಂಸ್ಥೆಗಳೂ ಇವೆ. ಇವನ್ನೂ ಅಮೆರಿಕದ ಶಿಕ್ಷಣ ಇಲಾಖೆ ಗುರುತಿಸಿದೆ, ಮೋಸವೇನಿಲ್ಲ, ಆದರೂ ಇವುಗಳ ಕ್ರೆಡಿಟ್ ತಗೊಳ್ಳಲು ಎಷ್ಟೋ ಯೂನಿವರ್ಸಿಟಿಗಳು ಹಿಂದೆಮುಂದೆ ನೋಡುತ್ತವೆ. ಬಿಎಸ್‌ಡಬ್ಲ್ಯೂ (ಸೋಶಿಯಲ್ ವರ್ಕ್ ಬ್ಯಾಚುಲರ್) ಮಾಡಬೇಕೆಂದಿರುವ ಕಾಲೇಜಿಗೆ ಈಗಲೇ ಮೇಲ್ ಮಾಡಿ, ಯಾವ ಯಾವ ವಿಷಯ ಒಪ್ಪುತ್ತೀರಿ ಅಂತ ಬರವಣಿಗೆಯಲ್ಲೇ ಉತ್ತರ ತಗೊಳ್ಳಿ. ಅದು ಕೈಗೆ ಬರುವ ತನಕ ಒಂದು ಡಾಲರೂ ಕಟ್ಟಬೇಡಿ.

ಇನ್ನು 5 ವಾರ. 3 ಕ್ರೆಡಿಟ್‌ನ ವಿಷಯಕ್ಕೆ ಪಾಠ, ಓದು ಎಲ್ಲಾ ಸೇರಿ ಸುಮಾರು 135 ಗಂಟೆ ಅಂತ ಲೆಕ್ಕ. 5 ವಾರಕ್ಕೆ ಹಂಚಿದರೆ ವಾರಕ್ಕೆ 27 ಗಂಟೆ. ನಿಮ್ಮ 40ರ ಮೇಲೆ ಇದು! 8 ವಾರದ ವಿಷಯ ಸಿಕ್ಕರೆ ವಾರಕ್ಕೆ 17, ಅದು ನಡೆಯುತ್ತದೆ.

ದುಡ್ಡಿಗೆ ಮೊದಲು ಫಾಫ್ಸಾ, ಅಂದರೆ ಓದಿಗೆ ಸರ್ಕಾರದ ನೆರವು ಕೇಳುವ ಅರ್ಜಿ ತುಂಬಿ, ಅದು ಪುಕ್ಕಟೆ. ಗ್ರೀನ್ ಕಾರ್ಡ್ ಇದ್ದವರಿಗೂ ಪೆಲ್ ಗ್ರಾಂಟ್ (ಸಾಲವಲ್ಲದ ಸರ್ಕಾರಿ ನೆರವು) ಸಿಗುತ್ತದೆ, ಆದಾಯ ನೋಡಿ ಕೊಡುತ್ತಾರೆ, 2025-26ಕ್ಕೆ ಹೆಚ್ಚೆಂದರೆ 7,395 ಡಾಲರ್. ಕೆಲಸದ ಕಡೆಯೂ ಕೇಳಿ. ಅವರು ಓದಿಗೆ ಅಂತ ಕೊಟ್ಟರೆ ವರ್ಷಕ್ಕೆ 5,250 ಡಾಲರ್ ತನಕ ನಿಮಗೆ ತೆರಿಗೆ ಬೀಳುವುದಿಲ್ಲ.

ಇನ್ನೊಬ್ಬರು: ಸರ್, ನಾನು ಕ್ರೈಸ್ತಳಲ್ಲ, ಸೇರಬಹುದಾ? ಆಮೇಲೆ ಇದರಿಂದ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಆಗಬಹುದಾ?

ಉತ್ತರ: ತುಂಬಾ ಕಾಲೇಜುಗಳು ಎಲ್ಲರನ್ನೂ ಸೇರಿಸುತ್ತವೆ, ಕೆಲವು ಮಾತ್ರ ನಂಬಿಕೆಯ ಹೇಳಿಕೆಗೆ ಸಹಿ ಕೇಳುತ್ತವೆ. ಬೈಬಲ್ ಪಾಠ ಮಾತ್ರ ಸಾಮಾನ್ಯವಾಗಿ ಎಲ್ಲರಿಗೂ ಕಡ್ಡಾಯ, ಮನಸ್ಸಿಗೆ ಒಗ್ಗುತ್ತದಾ ನೋಡಿಕೊಳ್ಳಿ. ಆರ್‌ಎನ್ ಇದರಿಂದ ಆಗಲ್ಲ. ಅದಕ್ಕೆ ನರ್ಸಿಂಗ್‌ನದ್ದೇ ಅಸೋಸಿಯೇಟ್ ಡಿಗ್ರಿ ಇದೆ, ಕಮ್ಯುನಿಟಿ ಕಾಲೇಜಲ್ಲಿ ವಿಚಾರಿಸಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ನನ್ನ ಬಿ.ಕಾಂ. ಎರಡು ವರ್ಷ ಸುಮ್ನೆ ಹೋಯಿತಾ? ಒಂದು ವಿಷಯ ಫೇಲ್ ಬೇರೆ.

ಉತ್ತರ: ಹಾಗೆ ಅಂದುಕೊಳ್ಳಬೇಡಿ. ಪಾಸಾದ ವಿಷಯಗಳಿಗೆ ಒಂದಿಷ್ಟು ಕ್ರೆಡಿಟ್ ಸಿಗಬಹುದು. ಹೊರದೇಶದ ಓದನ್ನು ಅಮೆರಿಕದ ಲೆಕ್ಕಕ್ಕೆ ಹೋಲಿಸಿ ಹೇಳುವ ಡಬ್ಲ್ಯೂಇಎಸ್‌ನಂಥ ಸಂಸ್ಥೆಯಲ್ಲಿ ಮೌಲ್ಯಮಾಪನ ಮಾಡಿಸಬೇಕು, ಒಂದೊಂದು ವಿಷಯಕ್ಕೂ ಬೇರೆ ಬೇರೆ ಲೆಕ್ಕ ಬರುವಂಥದ್ದನ್ನೇ ಕೇಳಿ. ಊರಲ್ಲಿ ಅಣ್ಣನೋ ತಮ್ಮನೋ ಇದ್ದರೆ ಯೂನಿವರ್ಸಿಟಿಗೆ ಕಳಿಸಿ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕಿಸಿ.

ಪ್ರಶ್ನೆ ಕೇಳಿದವರು: ಅಣ್ಣ ಧಾರವಾಡದಲ್ಲೇ ಇದ್ದಾನೆ. ಮಾರ್ಕ್ಸ್ ಕಾರ್ಡ್ ಅವ್ವನ ಟ್ರಂಕಿನಲ್ಲಿರಬೇಕು, ಇವತ್ತು ರಾತ್ರಿಯೇ ಫೋನ್ ಮಾಡ್ತೇನೆ.